ಸ್ಟಾಪ್ ಬರೋಕಿಂತ ಮೊದ್ಲ ಅಂದ ಆಮೆನ್

ನನಗ ಒಂದು ಕಣ್ಣ ತೆರದು ಪ್ರಾರ್ಥನಿ ಮಾಡೋ ಚಟ ಅದ. ಇವತ್ತಿಂದಲ್ಲ, ಲಂಗ ಹಾಕ್ಕೊಂಡು ಓಡಾಡೋ ವಯಸ್ಸಿನಿಂದ. ಎರಡೂ ಕಣ್ಣ ಮುಚ್ಚಿದ್ರ ದೇವರು ಕಾಣ್ತಾನ ಅಂತಾರ ದೊಡ್ಡೋರು. ಇರಬಹುದು. ಆದ್ರ ಒಂದು ತೆರದ್ರ ಚರ್ಚ್ ಪೂರಾ ಕಾಣ್ತದ! ಯಾರು ಸೆರಗ ಬಾಯಿಗಿ ಹಿಡಕೊಂಡು ಆಕಳಸ್ಲಿಕತ್ತಾರ, ಯಾರ ಗಂಡ ಕುಂತಲ್ಲೇ ನಿದ್ದಿ ಹೊಡಿಲಿಕತ್ತಾನ, ಯಾವ ಹಿರಿಯರು ಕಳ್ಳತನಲೆ ಗಡಿಯಾರ ನೋಡ್ಲಿಕತ್ತಾರ, ಎಲ್ಲಾ ನನಗ ಗೊತ್ತು. ಇಷ್ಟ ವರ್ಷ ಯಾರ ಮುಂದನೂ ಬಾಯಿ ಬಿಟ್ಟಿಲ್ಲ. ಈಗ ಮೊಮ್ಮಗಳು ಫೋನಿನಾಗ ಕನ್ನಡ ಟೈಪ್ ಮಾಡೋದು ಕಲಿಸ್ಯಾಳ. ಬೆರಳ ಸುಮ್ ಕೂಡವಲ್ಲವು. ಅದಕ್ಕ ಬರಿಲಿಕತ್ತೀನಿ.

ಮೊದ್ಲ ನಮ್ಮ ಚರ್ಚಿನ ರೀತಿ ಹೇಳ್ತೀನಿ, ಇಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ. ನಮ್ಮ ಕಡಿ ಬೆಂಚು ಕಮ್ಮಿ. ಜಮಖಾನಿ ಹಾಸಿರ್ತಾರ, ಈ ಕಡಿ ಹೆಣ್ಮಕ್ಕಳು, ಆ ಕಡಿ ಗಂಡಸರು. ಪ್ರಾರ್ಥನಿ ಅಂದ ಕೂಡ್ಲೇ ನಾವು ತಲಿ ಮ್ಯಾಲ ಸೆರಗ ಎಳ್ಕೋತೀವಿ, ಎಲ್ಲಾರ ಕಣ್ಣ ಮುಚ್ತಾವ. ಒಬ್ಬರು ಮುಂದ ನಿಂತು ಪ್ರಾರ್ಥನಿ ಮಾಡ್ತಾರ, ಉಳದವರು ನಡುನಡುವ "ಸ್ತೋತ್ರ, ಸ್ತೋತ್ರ" ಅಂತಿರ್ತಾರ. ಆಮೆನ್ ಅನ್ನೋ ತನಕ ಕಣ್ಣ ತೆರಿಯಂಗಿಲ್ಲ, ಎದ್ದೇಳಂಗಿಲ್ಲ. ಆಮೆನ್ ಅಂದ್ರ ಮುಗೀತು, ಎಲ್ಲಾರೂ ಏಳ್ಬಹುದು. ನನ್ನಂಥಾಕಿಗಿ ಇದಕ್ಕಿಂತ ಛಲೋ ಅನುಕೂಲ ಇನ್ನೇನ್ ಬೇಕ್ರಿ?

ನನ್ನ ತವರು ಶಹಾಬಾದ್. ನಮ್ಮಪ್ಪ ನೆಲಕ್ಕ ಹಾಸೋ ಪರ್ಸಿ ಕಲ್ಲಿನ ಖಣಿಯಾಗ ಕಲ್ಲ ಕೊಯ್ತಿದ್ದ. ನಮ್ಮ ಚರ್ಚಿಗೂ ಅದೇ ಪರ್ಸಿ ಹಾಸಿದ್ರು, ಕ್ರಿಸ್ಮಸ್ ಟೈಮಿನಾಗ ಜಮಖಾನಿ ದಾಟಿ ತಂಪ ಮ್ಯಾಲ ಬರ್ತಿತ್ತು. ನಮ್ಮ ಓಣಿಯಾಗ ಇಬ್ಬರು ಹೆಣ್ಮಕ್ಕಳಿದ್ರು, ನಳದ ಪಾಳಿ ಸಲುವಾಗಿ ಜಗಳಾಡಿ ಮಾತ ಬಿಟ್ಟು ಎರಡು ವರ್ಷ ಆಗಿತ್ತು. ಚರ್ಚಿನಾಗ ಮಾತ್ರ ಇಬ್ಬರಿಗೂ ಒಂದೇ ಕಂಬ ಬೇಕು, ಬೆನ್ನ ಹಚ್ಚಿ ಕೂಡ್ಲಿಕ್ಕ. ಆಕಿ ಈ ಕಡಿ ಮಾರಿ, ಈಕಿ ಆ ಕಡಿ ಮಾರಿ. ಒಂದು ಆಯ್ತವಾರ ಪಾಸ್ಟರು ಉದ್ದ ಪ್ರಾರ್ಥನಿ ಹಿಡದ್ರು. ನಾ ಮೆಲ್ಲಕ ಹಿಂದ ಹೋಗಿ ಇಬ್ಬರ ಸೆರಗಿನ ತುದಿ ಕೂಡ್ಸಿ ಗಂಟ ಹಾಕಿದೆ. ಒಂದಲ್ಲ, ಮೂರ ಗಂಟ.

ಆಮೆನ್ ಆಯ್ತು. ಆಕಿ ಬಾಗಿಲ ಕಡಿ ಎದ್ದಳು, ಈಕಿ ಪಾಸ್ಟರ ಕಡಿ ಎದ್ದಳು. ಎರಡ ಹೆಜ್ಜಿ ಹೋಗೋದ್ರಾಗ ಇಬ್ಬರೂ ಹಿಂದ ಜಗ್ಗಿ ಒಬ್ಬರ ಮಡ್ಲಾಗ ಒಬ್ಬರು ಬಿದ್ರು!

"ಯಾಕ್ಲೇ ನನ್ನ ಸೀರಿ ಜಗ್ತಿ?"

"ನಾ ಯಾಕ ಜಗ್ಗಲಿ, ನೀನೇ ನನ್ನ ಬೆನ್ನ ಹತ್ತಿದ್ದಿ!"

ಎರಡು ವರ್ಷದ ಮ್ಯಾಲ ಆಡಿದ ಮೊದಲ್ನೇ ಮಾತ ಅವು. ಗಂಟ ಕಂಡ ಮ್ಯಾಲ ಇಬ್ಬರೂ ಕೂಡಿ ನಮ್ಮ ಮನಿಗಿ ಬಂದ್ರು. ನಮ್ಮವ್ವ ನನ್ನ ಬೆನ್ನಿಗಿ ಎರಡ ಬಿಟ್ಟು, ಅವರಿಗಿ ಚಾ ಕೊಟ್ಟಳು. ಅವತ್ತಿಂದ ಅವರು ಮಾತಾಡ್ಲಿಕತ್ರು. ನನ್ನ ಬೈಲಿಕ್ಕ ಇಬ್ಬರೂ ಕೂಡ್ಬೇಕಾಗ್ತಿತ್ತಲ್ಲ.

ಕ್ರಿಸ್ಮಸ್ ನಾಟಕದ್ದೂ ಒಂದು ಹೇಳ್ತೀನಿ. ನನಗ ದೇವದೂತನ ಪಾರ್ಟ್ ಬೇಕಿತ್ತು, ನನ್ನ ಗೆಳತಿಗಿ ಕೊಟ್ರು. "ದೇವದೂತ ಅಂದ್ರ ಸುಮ್ ನಿಂದ್ರಬೇಕವ್ವಾ, ನಿಂಗ ಆಗಂಗಿಲ್ಲ" ಅಂದ್ರು ಸಂಡೇ ಸ್ಕೂಲ್ ಟೀಚರು. ನನ್ನ ಕುರುಬರ ಗುಂಪಿಗಿ ತಳ್ಳಿದ್ರು. ಕುರುಬರಿಗಿ ಖರೇ ಖರೇ ಆಡಿನ ಮರಿ ಕೊಟ್ಟಿದ್ರು. ನಾ ಏನ್ ಮಾಡ್ದೆ ಅಂದ್ರ, ಗೆಳತಿಯ ಕಾಗದದ ರೆಕ್ಕಿಗಿ ಹಿಂದಿನಿಂದ ತಟಗ ಬೆಲ್ಲದ ನೀರ ಸವರಿದೆ. ಆಕಿ "ಹೆದರಬ್ಯಾಡ್ರಿ" ಅಂತ ಕೈ ಎತ್ತೋದ್ರಾಗ ಮರಿ ನನ್ನ ಕೈ ಬಿಡಿಸ್ಕೊಂಡು ಹೋಗಿ ರೆಕ್ಕಿ ತಿನ್ನಲಿಕತ್ತು. ದೇವದೂತ ಮುಂದ, ಆಡು ಹಿಂದ, ಸ್ಟೇಜ್ ತುಂಬ ಓಡಾಟ! "ಹೆದರಬ್ಯಾಡ್ರಿ" ಅನ್ನಬೇಕಾದಾಕಿನೇ "ಯವ್ವಾ ಯವ್ವಾ" ಅಂತ ಚೀರಿದ್ಲು. ಜನ ನಕ್ಕು ನಕ್ಕು ಹೈರಾಣ ಆದ್ರು.

ಮದ್ವಿ ಆದ್ರ ಬುದ್ಧಿ ಬರ್ತದ ಅಂದ್ರು. ವಾಡಿಗಿ ಬಂದೆ, ಬರ್ಲಿಲ್ಲ. ಮಕ್ಕಳಾದ್ರ ಬರ್ತದ ಅಂದ್ರು. ಬರ್ಲಿಲ್ಲ. ನಮ್ಮ ಯಜಮಾನರು ರೈಲ್ವೇ ಗ್ಯಾಂಗಿನಾಗ ಹಳಿ ಕೆಲಸ ಮಾಡಿ ರಿಟೈರ್ ಆದವರು. ನಮ್ಮ ಚರ್ಚ್ ಹಳಿ ಬಾಜೂಕೇ ಅದ. ಗೂಡ್ಸ್ ಬಂತಂದ್ರ ಪಾಸ್ಟರು ಪ್ರಸಂಗ ನಿಂದ್ರಸ್ತಾರ, ಡಬ್ಬಿ ಪೂರಾ ದಾಟೋ ತನಕ ಬಾಯಿ ತೆರದಂಗೇ ಕಾಯ್ತಾರ. ನಮ್ಮೋರು ಆ ಹೊತ್ತಿನಾಗ ಡಬ್ಬಿ ಎಣಸ್ತಾರ. ಅವರ ತುಟಿ ಅಳ್ಳಾಡೋದು ನೋಡಿದವರು "ಎಂಥಾ ಭಕ್ತ" ಅಂತಾರ. ನನಗ ಗೊತ್ತದ, ಐವತ್ತೇಳು, ಐವತ್ತೆಂಟು ಅನ್ಲಿಕತ್ತಾರಂತ.

ಈಗ ಅಸಲ್ ಸಂಗತಿಗಿ ಬರ್ತೀನಿ. ನಮ್ಮ ಮಗಳನ್ನ ಸುಲೇಪೇಟಕ್ಕ ಕೊಟ್ಟೀವಿ. ಆಕಿ ಮಾವ, ಅಂದ್ರ ನಮ್ಮ ಬೀಗರು, ಅಲ್ಲಿನ ಚರ್ಚಿನ ಹಿರಿಯರು. ಪೂರಾ ಮೂವತ್ತ ವರ್ಷ ಸರ್ಕಾರಿ ಬಸ್ಸಿನಾಗ ಕಂಡಕ್ಟರ್ ಇದ್ರು. ಮನುಷ್ಯ ಬಂಗಾರ. ಪ್ರಾರ್ಥನಿ ಮಾತ್ರ, ಯಪ್ಪಾ, ಬಸ್ ರೂಟ್ ಇದ್ದಂಗ! ಚಿಂಚೋಳಿದಾಗ ಹತ್ತಿಸ್ತಾರ, ಕೊಡ್ಲಿ, ಸುಲೇಪೇಟ, ಸೇಡಂ, ಒಂದು ಸುತ್ತ ಮುಧೋಳಕ್ಕ ಹೋಗಿ ಬಂದು, ಚಿತ್ತಾಪುರ, ವಾಡಿ, ಕಡೀಕ ಶಹಾಬಾದ್. ಒಂದೊಂದ ಊರಿಗಿ ನಿಂದ್ರತಾರ, ಅಲ್ಲಿನ ರೋಗಿಗಳು, ಬಸರೇರು, ಪರೀಕ್ಷಾ ಬರಿಯೋ ಮಕ್ಕಳು, ಎಲ್ಲಾರನ್ನೂ ದೇವರ ಕೈಗಿ ಕೊಟ್ಟು ಮುಂದ ಹೋಗ್ತಾರ. ಸೇಡಂ ಬರೋದ್ರಾಗ ನನ್ನ ಕಾಲ ಜೋಮ ಹಿಡಿತಾವ.

"ಬೀಗರ, ನಿಮ್ಮ ಪ್ರಾರ್ಥನಿಗಿ ಎಕ್ಸ್‌ಪ್ರೆಸ್ ಬಸ್ ಇಲ್ಲೇನ್ರಿ?" ಅಂತ ಒಮ್ಮೆ ಕೇಳಿದ್ದೆ.

"ಬೀಗಿತ್ತೇರ, ಎಕ್ಸ್‌ಪ್ರೆಸ್ ಸಣ್ಣ ಊರಿಗಿ ನಿಂದ್ರಂಗಿಲ್ಲರಿ" ಅಂದಿದ್ರು. ಬೀಗರು ಬೀಗರು ಅಂದ ಮ್ಯಾಲ ಮಷ್ಕಿರಿ ಇರೋದೇ. ಇಬ್ಬರೂ ನಕ್ಕಿದ್ವಿ.

ಹೋದ ಸಾಲಿನ ತೊಗರಿ ರಾಶಿ ಮುಗದ ಮ್ಯಾಲ ಸುಲೇಪೇಟದ ಚರ್ಚಿನಾಗ ಸುಗ್ಗಿ ಹಬ್ಬ ಇತ್ತು. ಅಷ್ಟರಾಗ ನಮ್ಮೋರಿಗಿ ಎರಡೂ ಕಣ್ಣಿಗಿ ಪೊರಿ, ಮೋತಿಬಿಂದು ಅಂತಾರಲ್ಲ, ಅದು ಬಂದಿತ್ತು. ಕಲಬುರಗಿ ದವಾಖಾನಿಯಾಗ ಡಾಕ್ಟರು "ಜಲ್ದಿ ತೆಗಸ್ರಿ, ತಡ ಮಾಡಬ್ಯಾಡ್ರಿ" ಅಂದಿದ್ರು. ನಮ್ಮೋರು ಏನ್ ಕಮ್ಮಿ ಗಂಡಸಲ್ಲ, ಧೋ ಅನ್ನೋ ಮಳಿಯಾಗ, ಬೆಂಕಿಯಂಥಾ ಬಿಸ್ಲಾಗ ಹಳಿ ಮ್ಯಾಲ ಮೈಲಿಗಟ್ಲೆ ನಡದವರು. ಆದ್ರ ಕಣ್ಣಿಗಿ ಸೂಜಿ ಅಂದ ಕೂಡ್ಲೇ ಸಣ್ಣ ಕೂಸ ಆಗಿಬಿಟ್ರು.

"ಬೀಗರು ನನ್ನ ಹೆಸರ ತಗೊಂಡು ಪ್ರಾರ್ಥನಿ ಮಾಡ್ಬೇಕು. ಆಮ್ಯಾಲೇ ನಾ ಕಣ್ಣ ಕೊಯ್ಸಕೋತೀನಿ" ಅಂದ್ರು.

ಅದಕ್ಕೇ ನಾವು ಸುಗ್ಗಿ ಹಬ್ಬಕ್ಕ ಹೋಗಿದ್ದು. ಬೀಗರಿಗಿ ಮೊದ್ಲೇ ಹೇಳಿದ್ವಿ. "ವಾಡಿ ಬಂದ ಕೂಡ್ಲೇ ನಿಮ್ಮ ಹೆಸರರಿ" ಅಂತ ಅವರೂ ಮಾತ ಕೊಟ್ಟಿದ್ರು. ನಮ್ಮೋರು ಇಸ್ತ್ರಿ ಅಂಗಿ ಹಾಕ್ಕೊಂಡು ಗಂಡಸರ ಕಡಿ ಮೊದಲ್ನೇ ಸಾಲಿನಾಗ ಕುಂತ್ರು.

ಚರ್ಚ್ ಮುಂದ ಮೇಜಿನ ಮ್ಯಾಲ ಜೋಳದ ತೆನಿ, ತೊಗರಿ, ಪುಂಡಿಪಲ್ಯದ ಕಟ್ಟು, ಬದ್ನಿಕಾಯಿ, ಒಂದು ಬುಟ್ಟಿ ತತ್ತಿ. ಮೇಜಿನ ಕೆಳಗ ಒಂದು ದೊಡ್ಡ ಕುಂಬಳಕಾಯಿ, ಅದರ ಬಾಜೂಕ ಕಾಲಿಗಿ ದಾರ ಕಟ್ಟಿದ ಒಂದು ಕೆಂಪ ಕೋಳಿ. ವರ್ಷದ ಮೊದಲ್ನೇ ಫಲ ದೇವರಿಗಿ ಕೊಡ್ತೀವಿ ನಾವು, ಕೋಳಿ ಸಾಕಿದವರು ಕೋಳಿನೇ ಕೊಡ್ತಾರ. ಹೊರಗ ಹಂಡೇದಾಗ ಬಿರಿಯಾನಿ ಕುದಿಲಿಕತ್ತಿತ್ತು. ಅದರ ವಾಸನಿ ಕಿಟಕ್ಯಾಗ ಹಾದು ಒಳಗ ಬಂದು ಎಲ್ಲಾರ ಮೂಗಿನ ಮುಂದ ಕುಂತಿತ್ತು.

ಬೀಗರು ಎದ್ದು ನಿಂತ್ರು. ಬಿಳಿ ಧೋತರ, ಹೆಗಲ ಮ್ಯಾಲ ಟಾವೆಲ್. ಕಣ್ಣ ಮುಚ್ಚಿ, ಕೈ ಎತ್ತಿ, "ತಂದೆಯೇ, ಚಿಂಚೋಳಿ ಊರಿಗಾಗಿ..." ಅಂದ್ರು. ಬಸ್ ಹೊಂಟಿತು.

ಕೊಡ್ಲಿ ದಾಟೋದ್ರಾಗ ಕೋಳಿ ದಾರ ಬಿಚ್ಕೊಂಡಿತ್ತು. ಇದನ್ನ ಇಡೀ ಚರ್ಚಿನಾಗ ಇಬ್ಬರೇ ನೋಡಿದ್ದು. ಒಬ್ಬಾಕಿ ನಾನು. ಇನ್ನೊಬ್ಬಾಕಿ ನನ್ನ ಬಾಜೂಕ ಕುಂತ ಹನ್ನೊಂದ ವರ್ಷದ ಮೊಮ್ಮಗಳು. ಆಕಿದೂ ಒಂದು ಕಣ್ಣ ತೆರದಿತ್ತು! ನಮ್ಮ ರಕ್ತ ನೋಡ್ರಿ, ಎಲ್ಲಿ ಹೋಗ್ತದ. ನನಗ ಎಷ್ಟ ಖುಷಿ ಆಯ್ತಂದ್ರ ಆಕಿನ್ನ ಅಲ್ಲೇ ಮುದ್ದಾಡಬೇಕನಿಸ್ತು.

"ಆಯಿ, ಕೋಳಿ!" ಅಂತ ಆಕಿ ಸೆರಗಿನೊಳಗ ಪಿಸುಗುಟ್ಟಿದ್ಲು.

"ಸುಮ್ ಇರು. ನೋಡು."

ಕೋಳಿ ಮೇಜಿನಿಂದ ಕೆಳಗ ಇಳಿಬಿದ್ದ ಜೋಳದ ತೆನಿಗಿ ಒಂದೆರಡು ಕುಕ್ಕು ಹಾಕಿ, ಆಮ್ಯಾಲ ಕುಂಬಳಕಾಯಿ ಮ್ಯಾಲ ಹತ್ತಿ ಕುಂತು, ಕುತ್ತಿಗಿ ಓರಿ ಮಾಡಿ ಬೀಗರ ಮಾರಿನೇ ನೋಡ್ಲಿಕತ್ತು. ಏನ್ ಭಕ್ತಿ! ಬೀಗರು "ಸೇಡಂ ಊರಿಗಾಗಿ" ಅಂದು ಉಸಿರ ತಗೊಂಡ್ರು. ಜನ "ಸ್ತೋತ್ರ" ಅನ್ನೋಕಿಂತ ಮೊದ್ಲ ಕೋಳಿ "ಕೊಕ್ಕೊಕ್" ಅಂತು. "ಮುಧೋಳ ಊರಿಗಾಗಿ." "ಕೊಕ್ಕೊಕ್." "ಚಿತ್ತಾಪುರದ..." "ಕೊಕ್."

ಮೊಮ್ಮಗಳ ಭುಜ ಅಳ್ಳಾಡ್ಲಿಕತ್ವು. ನನ್ನ ಹೊಟ್ಟಿಯಾಗ ನಗು ಉಕ್ಕಿ ಗಂಟಲ ತನಕ ಬಂತು. ಇನ್ನ ಒಂದು ಗಳಿಗಿ ತಡದ್ರ ದೊಡ್ಡ ನಗು ಹೊರಗ ಬೀಳ್ತದ, ಬೀಗರ ಮನಿ ಮಂದಿ ಮುಂದ ಮಾನ ಹೋಗ್ತದ. ಏನರ ಒಂದು ಸಪ್ಪಳ ಮಾಡಿ ಅದನ್ನ ಮುಚ್ಚಬೇಕಿತ್ತು. ಚರ್ಚಿನಾಗ ಮಾಡೋ ಸಪ್ಪಳ ಯಾವುದು? ದನಿ ದಪ್ಪ ಮಾಡಿ ಅಂದೇ ಬಿಟ್ಟೆ:

"ಆಮೆನ್!"

ಅರ್ಧ ತಡಿಲಾರದ ಅಂದೆ. ಅರ್ಧ ಬೇಕಂತಲೇ ಅಂದೆ. ಈಗ ಸುಳ್ಳ ಯಾಕ ಹೇಳಲಿ.

ಹಸದ ಹೊಟ್ಟಿ ಮಂದಿ, ಯಾರ ಅಂದ್ರು ಅಂತ ನೋಡ್ಲಿಲ್ಲ. ಇಡೀ ಚರ್ಚ್ "ಆಮೆನ್" ಅಂತ ಗುಡುಗ್ತು. ಢೋಲಕಿನವ ಢೋಲಕ್ ಹೊಡದ. ಹುಡುಗರು ಹಂಡೇ ಕಡಿ ಓಡಿದ್ವು. ಹೆಣ್ಮಕ್ಕಳು ಸೆರಗ ಜಾಡಿಸಿ ಎದ್ರು, ಗಂಡಸರು ಚಪ್ಪಲ್ ಹುಡುಕ್ಲಿಕ್ಕ ಹೊಂಟ್ರು. ಬೀಗರು ಮಾತ್ರ ಕೈ ಎತ್ತಿ, ಕಣ್ಣ ಮುಚ್ಚಿ, "...ಚಿತ್ತಾಪುರದ ಹಾಸಿಗಿ ಹಿಡದ ಜೀವಗಳಿಗಾಗಿ" ಅನ್ಲಿಕತ್ತೇ ಇದ್ರು. ಗದ್ಲ ಕೇಳಿ ಕಣ್ಣ ತೆರದ್ರು. ಮುಂದ ಜಮಖಾನಿ ಹೆಚ್ಚುಕಮ್ಮಿ ಖಾಲಿ. ಕುಂಬಳಕಾಯಿ ಮ್ಯಾಲ ಕೋಳಿ.

ಬಾಗಿಲದಾಗ ನಿಂತ ಒಬ್ಬ ಹಿರಿಯರು, "ನೋಡ್ರೆಪ್ಪಾ, ಇವರ ಪ್ರಾರ್ಥನಿಗಿ ಕಡೀ ತನಕ ಕೋಳಿ ಒಂದೇ ಉಳೀತು!" ಅಂದ್ರು. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ರು. ಬೀಗರೂ ನಕ್ರು. ಆದ್ರ ಟಾವೆಲ್ಲಿನಿಂದ ಮಾರಿ ಒರಸ್ಕೊಂಡು, ಆ ಟಾವೆಲ್ ನಾಲ್ಕ ಮಡಿಕಿ ಮಾಡಿ ಕೈಯಾಗ ಹಿಡಕೊಂಡು, ಹೋಗಿ ಹಿಂದಿನ ಗ್ವಾಡಿಗಿ ಬೆನ್ನ ಹಚ್ಚಿ ಕುಂತ್ರು. ಅದನ್ನ ನನ್ನ ಕಣ್ಣು ನೋಡ್ತು. ನಗು ಅಲ್ಲೇ ಹೊಟ್ಟಿಯಾಗ ಇಳೀತು.

ನಮ್ಮೋರು ಮೊದಲ್ನೇ ಸಾಲಿನಾಗ ಇನ್ನಾ ಕುಂತೇ ಇದ್ರು, ಕಣ್ಣ ಮುಚ್ಕೊಂಡು. ನಾ ಹೋಗಿ ಭುಜ ಮುಟ್ಟಿದೆ.

"ಮುಗೀತೇನು?" ಅಂದ್ರು. "ವಾಡಿ ಬರ್ಲೇ ಇಲ್ಲಲ್ಲ."

ಬಸ್ಸಿನಾಗ ವಾಪಸ್ ಬರಾಗ ದಾರಿ ತುಂಬ ಅದೇ ಮಾತು. "ಚಿತ್ತಾಪುರಕ್ಕ ಬಂದಿತ್ತು. ಇನ್ನ ಒಂದೇ ಸ್ಟಾಪ್ ಇತ್ತು. ಯಾವ ಹಡಬಿಟ್ಟಿ ಆಮೆನ್ ಅಂದನೋ ಏನೋ!" ನಾ ಕಿಟಕ್ಯಾಗ ಕೊಯ್ದ ತೊಗರಿ ಹೊಲ ನೋಡ್ಕೋತ ಕುಂತೆ. ನಲವತ್ತ ವರ್ಷ ಬಾಳ್ವಿ ಮಾಡಿದ ಹೆಣತಿ ದನಿ ಗುರ್ತಾ ಹಿಡಿಲಿಲ್ಲ ಅಂತ ಒಂದು ಕಡಿ ಸಮಾಧಾನ, ಒಂದು ಕಡಿ ಸಿಟ್ಟು.

ಹದಿನೈದ ದಿನ ಆದ ಮ್ಯಾಲ ಮಗಳ ಫೋನ್ ಬಂತು.

"ಅವ್ವಾ, ನಮ್ಮ ಮಾವ ಪ್ರಾರ್ಥನಿ ಬಿಟ್ಟಾರ. ಚರ್ಚಿನಾಗ ಏಳ್ರಿ ಅಂದ್ರ ಏಳವಲ್ರು. ಮನ್ಯಾಗ ಊಟಕ್ಕ ಕುಂತಾಗೂ ನೀನೇ ಮಾಡವ್ವಾ ಅಂತ ಮೊಮ್ಮಗಳಿಗಿ ಹೇಳ್ತಾರ."

"ಯಾಕಂತ?"

"'ದೇವರಿಗಿ ಊರ ಗೊತ್ತವ, ನಾ ಯಾಕ ಕೂಗ್ಲಿ. ಜನಕ್ಕ ಬ್ಯಾಡಾಗ್ಯದ' ಅಂತಾರ. ಯಾರು ಆಮೆನ್ ಅಂದ್ರೋ, ಅವರ ನಾಲಿಗಿಗಿ ಹುಳ ಬೀಳ."

ನಾ ನಾಲಿಗಿ ಕಚ್ಕೊಂಡೆ.

ಈ ಕಡಿ ನಮ್ಮೋರು ಹಟ ಹಿಡದು ಕುಂತ್ರು. ಡಾಕ್ಟರು ಕೊಟ್ಟ ತಾರೀಖ ಬಂತು, ಹೋಯ್ತು. "ಬೀಗರ ಪ್ರಾರ್ಥನಿ ಆಗ್ಲಿ" ಅಂತಾರ. ಪಾಸ್ಟರು ಮನಿಗಿ ಬಂದು ಪ್ರಾರ್ಥನಿ ಮಾಡ್ತೀನಿ ಅಂದ್ರ, "ನೀವು ಮಾಡ್ರಿ, ಬ್ಯಾಡನ್ನಲ್ಲ, ಆದ್ರ ಬೀಗರದು ಬ್ಯಾರೆ" ಅಂತಾರ. ಕಣ್ಣ ದಿನಾ ದಿನಾ ಮಬ್ಬಾಗ್ಲಿಕತ್ತಿತ್ತು. ಬಸಿಯಾಗ ಚಾ ಹಾಕೋದು ಬಿಟ್ಟು ನೆಲಕ್ಕ ಹಾಕ್ತಿದ್ರು. ಅಂಗಳದಾಗಿನ ನೀರಿನ ಡ್ರಮ್ಮಿಗಿ "ಬರ್ರಿ, ಕುಂದ್ರಿ" ಅಂದ್ರು ಒಂದಿನ. ನಾ ನಕ್ಕೆ. ಆದ್ರ ಆ ಡ್ರಮ್ಮಿನ ಬಾಜೂಕೇ ಮೂರ ಮೆಟ್ಲ ಅವ. ಇನ್ನ ತಟಗ ತಡ ಆದ್ರ ಡಾಕ್ಟರಿಗೂ ಕಷ್ಟ ಆಗ್ತದಂತ ಅವರೇ ಹೇಳಿದ್ರು. ಗಂಡನ ಕಣ್ಣ ಹೋದ್ರ ನನ್ನ ಒಂದು ಮಷ್ಕಿರಿಯಿಂದ ಹೋಯ್ತು ಅಂತ ನನಗ ಖಾತ್ರಿ ಆಯ್ತು.

ಒಪ್ಕೋಬೇಕು ಅಂತ ಬೀಗರಿಗಿ ಫೋನ್ ಹಚ್ಚಿದೆ. ಬ್ಯಾಸಗಿ ಸೂಟಿಗಿ ಬಂದ ಮೊಮ್ಮಗಳು ಬಾಜೂಕ ಕಿವಿ ಹಚ್ಚಿ ಕುಂತಳು.

"ಹೇಳ್ರಿ ಬೀಗಿತ್ತೇರ."

"ಬೀಗರ, ಒಂದು ಮಾತಿತ್ರಿ. ಆವತ್ತು ಸುಗ್ಗಿ ಹಬ್ಬದ ದಿನ..."

"ಹೂಂ?"

"ಬಿರಿಯಾನಿ ಭಾಳ ಛಲೋ ಇತ್ರಿ!"

ಫೋನ್ ಇಟ್ಟೆ. ಮೊಮ್ಮಗಳು ನೆಲದ ಮ್ಯಾಲ ಉಳ್ಳಾಡಿ ನಕ್ಳು. "ಆಯಿ, ನೀ ಬಾಯಿಲೆ ಹೇಳೋದು ಆಗಂಗಿಲ್ಲ. ಬರದು ಕಳಸು" ಅಂದು ಟೈಪ್ ಕಲಿಸ್ಲಿಕತ್ತಿದ್ದು ಆವಾಗೇ. ಎರಡ ದಿನ ಕುಂತು ಬರದೆ. ಬರದಿದ್ದು ಬ್ಯಾಡನಿಸಿ ಅಳಿಸಿದೆ. ಅಳಸೋ ಬಟನ್ ಮಾತ್ರ ಮೊದಲ್ನೇ ದಿನಾನೇ ಪಕ್ಕಾ ಬಂದಿತ್ತು.

ಡಾಕ್ಟರು ಇನ್ನೊಂದು ತಾರೀಖ ಕೊಟ್ರು, ಗುರುವಾರದ್ದು. ಅದರ ಹಿಂದಿನ ಆಯ್ತವಾರ ಮಧ್ಯಾಹ್ನ ನಮ್ಮ ಮನ್ಯಾಗ ಪ್ರಾರ್ಥನಾ ಕೂಟ ಇಟ್ಟೆ. ಬೀಗರಿಗಿ, "ಪ್ರಾರ್ಥನಿ ಬ್ಯಾಡ್ರಿ, ಖಾಲಿ ಬಂದು ಕುಂದ್ರಿ, ನಿಮ್ಮ ಬೀಗರಿಗಿ ಧೈರ್ಯ ಬರ್ತದ" ಅಂತ ಹೇಳಿ ಕರಸ್ದೆ. ಮಗಳೂ ಬಂದಳು. ಬೀಗರು ಬಂದು ನಮ್ಮೋರ ಕೈ ಹಿಡದು ಮಾತಾಡಿಸಿ, ಹೋಗಿ ಬಾಗಿಲ ಮಗ್ಗಲ ಕುಂತ್ರು. ಬಸ್ಸಿನಾಗ ಕಂಡಕ್ಟರ್ ಕೂಡೋ ಜಾಗ ನೋಡ್ರಿ, ಅದೇ.

ಪಾಸ್ಟರು ಹಾಡ ಹಾಡಿಸಿ, ವಾಕ್ಯ ಓದಿ, "ಯಾರ ಪ್ರಾರ್ಥನಿ ಮಾಡ್ತೀರಿ?" ಅಂದ್ರು. ಎಲ್ಲಾರೂ ಬೀಗರ ಕಡಿ ನೋಡಿದ್ರು. ಬೀಗರು ತಲಿ ತಗ್ಗಿಸಿದ್ರು. ನಮ್ಮೋರು ಬೀಗರು ಕುಂತ ಬಾಗಿಲ ಕಡಿ ಮಾರಿ ತಿರುವಿ ಕಾಯ್ಲಿಕತ್ರು.

"ನಾ ಮಾಡ್ತೀನಿ" ಅಂದೆ.

ಮಗಳು ಗಾಬರಿ ಆಗಿ ನನ್ನ ನೋಡಿದ್ಲು. ಮಂದಿ ಮುಂದ ನಾ ಒಮ್ಮೆನೂ ಪ್ರಾರ್ಥನಿ ಮಾಡಿದಾಕಿ ಅಲ್ಲ. ಸೆರಗ ಎಳ್ಕೊಂಡು ಎದ್ದು ನಿಂತೆ. ಎಲ್ಲಾರ ಕಣ್ಣ ಮುಚ್ಚಿದ್ವು. ಅವತ್ತು ನಾನೂ ಎರಡೂ ಮುಚ್ಚಿದೆ. ತೆರದು ನೋಡೋ ಧೈರ್ಯ ಇರ್ಲಿಲ್ಲ.

"ತಂದೆಯೇ, ನಿಂಗ ಗೊತ್ತೇ ಅದ, ಆದ್ರೂ ಹೇಳ್ತೀನಿ. ಸುಗ್ಗಿ ಹಬ್ಬದ ದಿನ ನಡುವ ಆಮೆನ್ ಅಂದಾಕಿ ನಾನೇ. ಬ್ಯಾರೆ ಯಾರೂ ಅಲ್ಲ. ಕೋಳಿ ನೋಡಿ ನಗು ತಡಿಲಾರದ ಅಂದೆ. ಒಬ್ಬ ದೊಡ್ಡ ಮನುಷ್ಯರ ಮನಸ್ಸ ನೋಯಿಸ್ದೆ. ಮಾಫ್ ಮಾಡು."

"ಯವ್ವಾ!" ಅಂತು ಮಗಳ ದನಿ. ಯಾರೂ "ಸ್ತೋತ್ರ" ಅನ್ಲಿಲ್ಲ. ಬಾಗಿಲ ಕಡಿಯಿಂದ ಏನೂ ಸಪ್ಪಳ ಇಲ್ಲ. ಹೀಂಗಾದ್ರ ಆಗಂಗಿಲ್ಲ ಅನಿಸ್ತು. ಆವಾಗ ನನ್ನ ಹಳೇ ಸೈತಾನ ಬುದ್ಧಿ ಎದ್ದು ಕುಂತಿತು.

"ಈಗ ತಂದೆಯೇ, ನಮ್ಮ ಊರುಗಳಿಗಾಗಿ ಬೇಡ್ಕೋತೀನಿ. ಚಿಂಚೋಳಿ ಊರಿಗಾಗಿ. ಆಮ್ಯಾಲ... ಚಿತ್ತಾಪುರ ಊರಿಗಾಗಿ."

ಬಾಗಿಲ ಕಡಿ ಯಾರೋ ಕೆಮ್ಮಿದ್ರು.

"ಚಿತ್ತಾಪುರ ಆದ ಮ್ಯಾಲ ಕೊಡ್ಲಿ ಊರಿಗಾಗಿ."

ಇನ್ನೊಂದು ಕೆಮ್ಮು, ಜರಾ ಜೋರಾಗಿ.

"ಕೊಡ್ಲಿಯಿಂದ ಶಹಾಬಾದ್. ಶಹಾಬಾದಿಂದ ಹಿಂದ..." ಮೊದಲ್ನೇ ತಪ್ಪ ಬೇಕಂತ ಮಾಡಿದ್ದೆ. ಇಲ್ಲಿಗಿ ಬರೋದ್ರಾಗ ಖರೇನೇ ದಾರಿ ತಪ್ಪಿತ್ತು. "...ಹಿಂದ ಮುಧೋಳ, ಅಲ್ಲಿಂದ ಸುಲೇಪೇಟ..."

"ಅಲ್ರಿ ಬೀಗಿತ್ತೇರ!" ಬೀಗರು ಎದ್ದೇ ನಿಂತಿದ್ರು. "ಸೇಡಂ ಎಲ್ಲಿ ಹೋಯ್ತ್ರಿ? ಸೇಡಂ ಬಿಟ್ಟು ಚಿತ್ತಾಪುರಕ್ಕ ಹ್ಯಾಂಗ ಹೋಗ್ತೀರಿ? ಮಂದಿನ್ನ ಎಲ್ಲೆಲ್ಲೋ ಇಳಸ್ಲಿಕತ್ತೀರಿ! ಕುಂದ್ರಿ ನೀವು."

ನಾ ಸಟ್ನ ಕುಂತೆ. ಇಷ್ಟ ಖುಷಿಲೆ ಜೀವಮಾನದಾಗ ಯಾರ ಮಾತೂ ಕೇಳಿಲ್ಲ!

"ತಂದೆಯೇ," ಅಂದ್ರು ಬೀಗರು, "ಚಿಂಚೋಳಿ ಊರಿಗಾಗಿ."

ಅವತ್ತು ಮೊದಲ್ನೇ ಸಲ ಎರಡೂ ಕಣ್ಣ ಮುಚ್ಕೊಂಡು ಅವರ ಪ್ರಾರ್ಥನಿ ಕೇಳಿದೆ. ಕೊಡ್ಲಿಯಾಗ ಬದ್ನಿಕಾಯಿ ಬುಟ್ಟಿ ಇಟ್ಕೊಂಡು ಬಸ್ ಹತ್ತತಿದ್ದ ಮುದುಕಿ ಈಗ ಎದ್ದು ಕೂಡವಲ್ಳು, ಆಕಿಗಿ ಬಲ ಕೊಡು. ಮುಧೋಳದಿಂದ ದಿನಾ ಕಾಲೇಜಿಗಿ ನಿಂತೇ ಹೋಗ್ತಿದ್ದ ಹುಡುಗಿ ಈಗ ನರ್ಸ್ ಆಗ್ಯಾಳ, ಆಕಿ ಕೈಯಾಗ ಆರಾಮ ಇಡು. ಸೇಡಮ್ಮಿನಾಗ ಹತ್ತಿ ಚಿತ್ತಾಪುರ ತನಕ ಜಗಳಾಡ್ಕೋತ ಹೋಗ್ತಿದ್ದ ಅಣ್ಣತಮ್ಮರು ಕೂಡಿ ಇರ್ಲಿ. ಇಷ್ಟ ವರ್ಷ ನಾ ಬರೇ ಊರಿನ ಹೆಸರ ಕೇಳಿದ್ದೆ. ಒಂದೊಂದ ಹೆಸರಿನ ಹಿಂದ ಇಷ್ಟ ಮಂದಿ ಕುಂತಾರ ಅಂತ ನೋಡೇ ಇರ್ಲಿಲ್ಲ, ನಾ ಕೋಳಿ ನೋಡ್ತಿದ್ದೆ.

ವಾಡಿ ಬಂತು. ನಮ್ಮೋರ ಹೆಸರ ಬಂತು. ಡಾಕ್ಟರ ಕೈ ಬಂತು, ಸೂಜಿ ಬಂತು, ಬಲಗಣ್ಣು ಎಡಗಣ್ಣು ಎರಡೂ ಬ್ಯಾರೆ ಬ್ಯಾರೆ ಬಂದ್ವು. ನಮ್ಮೋರು "ಸ್ತೋತ್ರ, ಸ್ತೋತ್ರ" ಅನ್ಕೋತ ಬಿಕ್ಕಲಿಕತ್ರು. ಹೊರಗ ಗೂಡ್ಸ್ ಬಂತು, ಬೀಗರು ಅದು ದಾಟೋ ತನಕ ನಿಂತು, ಮುಂದ ಹೊಂಟ್ರು.

"ಕಡೀಕ ಶಹಾಬಾದ್ ಊರಿಗಾಗಿ ತಂದೆಯೇ. ಅಲ್ಲಿ ಒಬ್ಬ ತಾಯಿ, ನನ್ನ ಮಗಳಿಗಿ ಬುದ್ಧಿ ಕೊಡು ಅಂತ ಎಷ್ಟ ಬೇಡ್ಕೊಂಡಿದ್ಲೋ ಏನೋ. ನೀ ಇನ್ನಾ ಕೊಟ್ಟಿಲ್ಲ. ಇರ್ಲಿ, ಅವಸರ ಇಲ್ಲ."

ಮೊಮ್ಮಗಳು ಕಿಸಕ್ ಅಂದ್ಳು. ಬೀಗರು ಪ್ರಾರ್ಥನಿ ಮುಗಿಸಿದ್ರು. ಆದ್ರ ಯಾರೂ ಬಾಯಿ ಬಿಡವಲ್ರು. ಎಲ್ಲಾರೂ ಹೆದರಿ ಕುಂತಾರ, ಮುಗೀತೋ ಇನ್ನಾ ಸ್ಟಾಪ್ ಅವೇನೋ ಅಂತ.

"ಈಗ ಅನ್ರಿ ಬೀಗಿತ್ತೇರ," ಅಂದ್ರು ಬೀಗರು, "ಈಗ ಕಡೀ ಸ್ಟಾಪ್ ಬಂದದ."

"ಆಮೆನ್!" ಅಂದೆ ನಾನು, ನನ್ನ ಸ್ವಂತ ದನೀಲೆ.

ಆರಿದ ಭಜಿ ತಿಂದು, ಆರಿದ ಚಾ ಕುಡಿಯೋ ಮುಂದ ಅವರ ಬಾಜೂಕ ಹೋಗಿ, "ಸಿಟ್ಟ ಹೋಯ್ತೇನ್ರಿ?" ಅಂತ ಕೇಳಿದೆ.

"ಆಮೆನ್ ಅಂದವರು ನೀವೇ ಅಂತ ನನಗ ಅವತ್ತೇ ಗೊತ್ತಿತ್ರಿ. ಮೂವತ್ತ ವರ್ಷ ಗಿಚ್ಚ ತುಂಬಿದ ಬಸ್ಸಿನಾಗ ಹಿಂದಿನಿಂದ ಬಸ್ ನಿಂದ್ರಸ್ಲಿಕ್ಕ ಯಾರ ಹೋಲ್ಡಾನ್ ಅಂದ್ರು ಅಂತ, ಮಾರಿ ನೋಡಲಾರದ ಗುರ್ತಾ ಹಿಡದಾಂವ. ನೀವು ಅಂದಿದ್ದು ನಂಗ ಬ್ಯಾಸರ ಇಲ್ರಿ, ನೀವು ಹಂಗೇ ಇದ್ದೀರಿ. ಬಸ್ ನಿಂದ್ರೋಕಿಂತ ಮೊದ್ಲ ಉಳದವರೂ ಅಷ್ಟ ಖುಷಿಲೆ ಇಳದು ಹೋದ್ರಲ್ಲ, ಅದು ಮನಸ್ಸಿಗಿ ಹತ್ತಿತ್ತು."

ನಾ ಅವರ ಬಸಿಯಾಗ ಇನ್ನೆರಡು ಭಜಿ ಇಟ್ಟೆ.

ಗುರುವಾರ 'ಹೆದರಿಕಿಲ್ಲ' ಅನ್ಕೋತಲೇ ನಮ್ಮೋರು ಹೋಗಿ ಬಲಗಣ್ಣ ಮಾಡಿಸ್ಕೊಂಡು ಬಂದ್ರು. ಒಂದು ತಿಂಗಳ ಆದ ಮ್ಯಾಲ ಎಡಗಣ್ಣೂ ಆಯ್ತು. ಪಟ್ಟಿ ಬಿಚ್ಚಿದ ದಿನ ಅಂಗಳದಾಗಿನ ಡ್ರಮ್ಮಿನ ಕಡಿ ನೋಡಿ, "ಇದಕ್ಕ ಬಣ್ಣ ಹೋಗ್ಯದಲ್ಲ" ಅಂದ್ರು. ನನ್ನ ಮಾರಿ ನೋಡಿ ಏನೋ ಅನ್ಲಿಕ್ಕ ಹೋದ್ರು, ನಾ ಕಣ್ಣ ಬಿಟ್ಟು ನೋಡಿದ ಕೂಡ್ಲೇ ಸುಮ್ಮಾದ್ರು.

ಮುಂದಿನ ಆಯ್ತವಾರ ಕರೇ ಚಶ್ಮಾ ಹಾಕ್ಕೊಂಡು ಚರ್ಚಿಗಿ ಬಂದ್ರು. ಪಾಸ್ಟರು ಪ್ರಾರ್ಥನಿ ಹಿಡದ್ರು. ನಾ ರೂಢಿ ಪ್ರಕಾರ ಒಂದು ಕಣ್ಣ ಮೆಲ್ಲಕ ತೆರದೆ. ಮನಿಗಿ ಹೊಂಟಾಗ ಹಳಿ ದಾಟೋಕಿಂತ ಮೊದ್ಲ ನಮ್ಮೋರು ನಿಂತ್ರು.

"ಏನವ್ವಾ, ಇಷ್ಟ ವರ್ಷ ನೀ ಹೀಂಗೇ ಮಾಡ್ತಿದ್ದೇನು? ಪ್ರಾರ್ಥನಿಯಾಗ ನಿನ್ನ ಒಂದು ಕಣ್ಣ ತೆರದಿತ್ತಲ್ಲ!"

"ಹೌದ್ರಿ," ಅಂದೆ. "ನೀವು ಹ್ಯಾಂಗ ನೋಡಿದ್ರಿ?"